320 ಆದೇಶಗಳ ಚಿಪ್: ಒಂದು ಸಿಂಕ್ಲೇರ್ ಸೈಂಟಿಫಿಕ್ ಕ್ಯಾಲ್ಕುಲೇಟರಿನ ದುರಸ್ತಿ ಮತ್ತು ದಾಖಲಾತಿ

ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದಿದ್ದ ಸೋದರಮಾವನವರ ಬಳಿ ದಶಕಗಳಿಂದ ಉಪಯೋಗವಿಲ್ಲದೆ ಉಳಿದಿದ್ದ ಸಿಂಕ್ಲೇರ್ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಸರಿಪಡಿಸಿ, ಅದರೊಳಗಿನ ಚಿಪ್‌ನ ಚರಿತ್ರೆಯನ್ನು ಆಧಾರಸಹಿತವಾಗಿ ಬರೆದಿಡುವ ಕೆಲಸದ ವಿವರ ಇದು. ದುರಸ್ತಿಯೇ ಮುಖ್ಯವಾಗಿದ್ದರೆ ಕಿಲುಬು ಒರೆಸಿ, ಹೊಸ ಸೆಲ್ ಹಾಕಿ, ದೀಪ ಹೊತ್ತಿಕೊಂಡರೆ ಸಾಕಾಗುತ್ತಿತ್ತು. ಆದರೆ ಹಳೆಯ ಕ್ಯಾಲ್ಕುಲೇಟರಿನಲ್ಲಿ ಒಂದು ಬೆಸುಗೆಯನ್ನು ಕರಗಿಸಿದರೂ ಅದು ಯಾರ ಕೈಯಲ್ಲಿ ಹೇಗೆ ತಯಾರಾಯಿತು ಎಂಬುದಕ್ಕಿದ್ದ ಒಂದು ಸಾಕ್ಷ್ಯ ಅಳಿಸಿಹೋಗುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಬರೆಯುವುದು, ಬದಲಿಸುವ ಮೊದಲು ಅಳೆಯುವುದು ಎಂಬ ಕ್ರಮವನ್ನು ಆರಂಭದಿಂದಲೂ ಇಟ್ಟುಕೊಂಡೆ. ದಾಖಲೆಯ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ 'ಕಂಡದ್ದು', 'ಓದಿದ್ದು', 'ಕೇಳಿದ್ದು' ಎಂಬ ಮೂರರಲ್ಲಿ ಒಂದು ಗುರುತು ಇರಬೇಕೆಂದೂ ನಿರ್ಧರಿಸಿದೆ. ಹಳೆಯ ಯಂತ್ರಗಳ ಚರಿತ್ರೆಯಲ್ಲಿ ಗೊಂದಲ ಹುಟ್ಟುವುದು ಬಹುಪಾಲು ಈ ಮೂರನ್ನು ಒಂದೇ ತೂಕದಲ್ಲಿ ಬೆರೆಸುವುದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಈ ಯಂತ್ರವನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಜ್ಯಾಕ್ ಕಿಲ್ಬಿ, ಜೆರಿ ಮೆರಿಮನ್ ಮತ್ತು ಜೇಮ್ಸ್ ವ್ಯಾನ್ ಟ್ಯಾಸಲ್ ಸೇರಿ ಕೈಯಲ್ಲಿ ಹಿಡಿಯಬಹುದಾದ ಕ್ಯಾಲ್ಕುಲೇಟರಿನ ಮಾದರಿಯೊಂದನ್ನು 1967ರ ಹೊತ್ತಿಗೆ ಸಿದ್ಧಪಡಿಸಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ 1974ರ ಜೂನ್‌ನಲ್ಲಿ ಮಂಜೂರಾತಿ ದೊರೆಯಿತು. ಆ ಮಾದರಿಯ ವಿಚಾರಗಳು 1970ರಲ್ಲಿ ಕ್ಯಾನನ್ ಕಂಪನಿಯ ಪಾಕೆಟ್ರಾನಿಕ್ ಆಗಿ ಮಾರುಕಟ್ಟೆಗೆ ಬಂದಾಗಲೂ ಲೆಕ್ಕದ ಕೆಲಸ ಒಂದಕ್ಕಿಂತ ಹೆಚ್ಚು ಚಿಪ್‌ಗಳಲ್ಲಿ ಹಂಚಿಹೋಗಿತ್ತು. ಜಪಾನಿನ ಬ್ಯುಸಿಕಾಮ್ ಕಂಪನಿಗಾಗಿ ಮಾಸ್ಟೆಕ್ ತಯಾರಿಸಿದ ಎಂಕೆ 6010 ಚಿಪ್ 1971ರ ಆರಂಭದಲ್ಲಿ ಇಡೀ ಕ್ಯಾಲ್ಕುಲೇಟರನ್ನು ಒಂದೇ ಸಿಲಿಕಾನ್ ತುಂಡಿನಲ್ಲಿ ಅಡಗಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಟಿಎಂಎಸ್ 1802 ಎನ್‌ಸಿ ಚಿಪ್ ಅನ್ನು ಪ್ರಕಟಿಸಿತು. ಗ್ಯಾರಿ ಬೂನ್ ಮತ್ತು ಮೈಕೆಲ್ ಕೊಕ್ರಾನ್ ಅವರ ಹೆಸರುಗಳು ಈ ಚಿಪ್‌ನೊಂದಿಗೆ ಸೇರಿಕೊಂಡಿವೆ. ಇದರ ವಿಶೇಷವೆಂದರೆ ಒಳಗಿನ ಕೆಲಸವನ್ನು ತಂತಿಜೋಡಣೆಯಲ್ಲಿ ಶಾಶ್ವತವಾಗಿ ಕಟ್ಟಿಹಾಕದೆ, ಓದಲು ಮಾತ್ರ ಬರುವ ಸ್ಮೃತಿಯಲ್ಲಿ, ಅಂದರೆ ರಾಮ್‌ನಲ್ಲಿ (ROM), ಪ್ರೋಗ್ರಾಂ ಆಗಿ ಬರೆದದ್ದು. ತಯಾರಿಕೆಯ ಹಂತದಲ್ಲಿ ಆ ಬರಹವನ್ನು ಬದಲಿಸಿದರೆ ಅದೇ ಚಿಪ್ ಮತ್ತೊಬ್ಬ ಗಿರಾಕಿಗೆ ಮತ್ತೊಂದು ಬಗೆಯ ಕ್ಯಾಲ್ಕುಲೇಟರ್ ಆಗುತ್ತಿತ್ತು. ಕಂಪನಿಯ ಸ್ವಂತ ಡಾಟಾಮ್ಯಾತ್ ಕ್ಯಾಲ್ಕುಲೇಟರ್ 1972ರಲ್ಲಿ ಹೊರಬಂದದ್ದು ಈ ಕುಟುಂಬದ ಚಿಪ್‌ನಿಂದಲೇ.

ನನ್ನ ಮೇಜಿನ ಮೇಲಿರುವ ಯಂತ್ರದಲ್ಲಿರುವುದು ಅದೇ ವಂಶದ ಮುಂದಿನ ಪೀಳಿಗೆಯ ಟಿಎಂಎಸ್ 0805. ಮೂಲತಃ ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಕೆಲಸಗಳಿಗಾಗಿ ರೂಪಿಸಿದ ಯಂತ್ರಾಂಗ ಅದು. ರಾಮ್‌ನಲ್ಲಿ ಇರುವುದು 11 ಬಿಟ್ ಉದ್ದದ 320 ಆದೇಶಗಳಿಗಷ್ಟೇ ಜಾಗ. ಒಟ್ಟು 3,520 ಬಿಟ್. ಅಷ್ಟರಲ್ಲಿ ಸೈನ್, ಕೊಸೈನ್, ಟ್ಯಾಂಜೆಂಟ್, ಅವುಗಳ ವಿಲೋಮಗಳು, ಲಾಗ್ ಮತ್ತು ಆಂಟಿಲಾಗ್ ಎಲ್ಲವನ್ನೂ ಹಿಡಿಸಿದವರು ಸಿಂಕ್ಲೇರ್ ಕಂಪನಿಯ ನೈಜೆಲ್ ಸರ್ಲ್. ಚಿಪ್‌ನ ಸಿಲಿಕಾನ್ ಟೆಕ್ಸಾಸಿನದು, ಪ್ರೋಗ್ರಾಂ ಇಂಗ್ಲೆಂಡಿನದು. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟಿದ ಗಣಿತವೇ ನನ್ನ ದಾಖಲೆಯ ನಿಜವಾದ ವಿಷಯ.

ಬಿಚ್ಚುವ ಮುನ್ನ

ಹೊರಕವಚದ ಎರಡೂ ಮುಖಗಳ ಚಿತ್ರಗಳನ್ನು ಅಳತೆಪಟ್ಟಿಯ ಸಮೇತ ತೆಗೆದುಕೊಂಡೆ. ಮುಂಭಾಗದಲ್ಲಿ ಕೆಲವು ಸ್ಥಿರಾಂಕಗಳನ್ನು ಮುದ್ರಿಸಿದ್ದಾರೆ: ಪೈ 3.14159, ಒಂದು ರೇಡಿಯನ್‌ಗೆ 57.29578 ಡಿಗ್ರಿ, 10ರ ಸ್ವಾಭಾವಿಕ ಲಾಗ್ 2.30259. ಇವು ಅಲಂಕಾರಕ್ಕಾಗಿ ಬಂದವಲ್ಲ. ಡಿಗ್ರಿಯನ್ನು ರೇಡಿಯನ್‌ಗೆ ಪರಿವರ್ತಿಸುವ ಪ್ರೋಗ್ರಾಮಿಗಾಗಲಿ, ಪೈ ಬೆಲೆಯನ್ನು ಇಟ್ಟುಕೊಳ್ಳುವುದಕ್ಕಾಗಲಿ 320 ಆದೇಶಗಳಲ್ಲಿ ಎಡೆ ಉಳಿದಿರಲಿಲ್ಲ. ಆದ್ದರಿಂದ ರಾಮ್‌ಗೆ ಹಿಡಿಸದ ಅಂಕಿಗಳನ್ನು ಪ್ಲಾಸ್ಟಿಕ್ಕಿನ ಮೇಲೆ ಬರೆದು ಬಳಕೆದಾರರ ಬೆರಳಿಗೆ ಒಪ್ಪಿಸಿದರು. ಕವಚದ ಮುದ್ರಣವನ್ನು ಚಿಪ್‌ನ ದಾಖಲೆಯ ಭಾಗವೆಂದೇ ಪರಿಗಣಿಸಿದ್ದು ಈ ಕಾರಣದಿಂದ. ಹಳೆಯ ಕ್ಯಾಲ್ಕುಲೇಟರುಗಳಿಂದ ಚಿಪ್ ಕಿತ್ತಿಟ್ಟುಕೊಂಡು ಕವಚವನ್ನು ಎಸೆಯುವ ಸಂಗ್ರಾಹಕರಿದ್ದಾರೆ. ಈ ಯಂತ್ರದ ಮಟ್ಟಿಗೆ ಅದು ಪುಸ್ತಕದ ಕೊನೆಯ ಪುಟಗಳನ್ನು ಹರಿದೆಸೆದಂತೆ.

ಕವಚ ತೆರೆದಾಗ ಮುದ್ರಿತ ಮಂಡಲದ (ಸರ್ಕ್ಯೂಟ್ ಬೋರ್ಡಿನ) ಮೇಲೆ ಮೊದಲು ನೋಡಿದ್ದು ಚಿಪ್‌ನ ಬೆನ್ನನ್ನು. 28 ಕಾಲುಗಳ ಆ ಕಪ್ಪು ಚಿಪ್‌ನ ಮೇಲೆ ಮಾದರಿಯ ಹೆಸರಿನ ಕೆಳಗೆ 7438 ಎಂಬ ನಾಲ್ಕು ಅಂಕಿಗಳಿದ್ದವು. ಇಂಥ ಸಂಕೇತಗಳಲ್ಲಿ ಸಾಮಾನ್ಯವಾಗಿ ಮೊದಲೆರಡು ಅಂಕಿ ವರ್ಷವನ್ನೂ ಮುಂದಿನೆರಡು ವಾರವನ್ನೂ ಸೂಚಿಸುತ್ತವೆ. ಅಂದರೆ 1974ರ 38ನೆಯ ವಾರ, ಸೆಪ್ಟೆಂಬರ್. ಇದು ಚಿಪ್ ಅನ್ನು ಕವಚದೊಳಗೆ ಮುಚ್ಚಿದ ಕಾಲವೇ ಹೊರತು ಕ್ಯಾಲ್ಕುಲೇಟರ್ ತಯಾರಾದ ಕಾಲವಲ್ಲ. ಚಿಪ್ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಾದಿರಬಹುದು, ಹಡಗಿನಲ್ಲೋ ವಿಮಾನದಲ್ಲೋ ಬಂದಿರಬಹುದು, ಬಳಿಕ ಜೋಡಣೆಯಾಗಿರಬಹುದು. ಹೀಗಾಗಿ ಈ ಅಂಕಿಯಿಂದ 'ಇದಕ್ಕಿಂತ ಮೊದಲಲ್ಲ' ಎಂಬ ಒಂದು ಮಿತಿಯನ್ನು ಮಾತ್ರ ನಂಬಬಹುದು. ಕೆಪಾಸಿಟರುಗಳ ಮೇಲೆ ದಿನಾಂಕ ಸೂಚಿಸುವ ಗುರುತುಗಳಿದ್ದರೆ ಅವುಗಳಲ್ಲಿ ತೀರ ಈಚಿನದನ್ನು ಹಿಡಿಯಬೇಕು. ಇಡೀ ಮಂಡಲದ ವಯಸ್ಸು ಅದಕ್ಕಿಂತ ಹೆಚ್ಚಿರಲಾರದು.

ಮಾವನವರಿಗೆ ಫೋನ್ ಮಾಡಿ, "ಮಾವ, ಇದನ್ನು ಅಂಗಡಿಯಿಂದ ಜೋಡಿಸಿದ್ದನ್ನೇ ತಂದಿರಾ, ಇಲ್ಲ ಬಿಡಿಭಾಗ ತರಿಸಿ ನೀವೇ ಬೆಸುಗೆ ಹಾಕಿದಿರಾ?" ಎಂದು ಕೇಳಿದೆ.

"ಅಂಚೆಯಲ್ಲಿ ಪೊಟ್ಟಣ ಬಂತು ಕಣೇ, ಅಡುಗೆಮನೆ ಮೇಜಿನ ಮೇಲೆ ಕೂತು ನಾನೇ ಜೋಡಿಸಿದೆ. 73ನೇ ಇಸವಿ ಇರಬೇಕು, ಹೋದ ಹೊಸತರಲ್ಲಿ" ಎಂದರು.

ಸೈಂಟಿಫಿಕ್ ಮಾರಾಟಕ್ಕೆ ಬಂದದ್ದು 1974ರಲ್ಲಿ, ಚಿಪ್ ಮುಚ್ಚಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಆದ್ದರಿಂದ ಇಸವಿಯ ಮಾತು ಒಪ್ಪುವಂಥದ್ದಲ್ಲ. ಆದರೆ ಜೋಡಣೆಯ ಮಾತಿಗೆ ಮಂಡಲವೇ ಸಾಕ್ಷಿಯಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಬೆಸುಗೆಯ ಗಾತ್ರವೂ ಬೇರೆಬೇರೆ. ಕೆಲವು ಉಬ್ಬಿವೆ, ಕೆಲವು ತೆಳುವಾಗಿವೆ, ರೆಸಿಸ್ಟರಿನ ಕಾಲುಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿಲ್ಲ, ಚಿಪ್‌ನ ಒಂದು ಮೂಲೆಯಲ್ಲಿ ಫ್ಲಕ್ಸ್ ಕಂದುಗಟ್ಟಿ ಉಳಿದಿದೆ. ಸೈಂಟಿಫಿಕ್ ಬಿಡಿಭಾಗಗಳ ಪೊಟ್ಟಣವಾಗಿಯೂ ಮಾರಾಟವಾಗುತ್ತಿದ್ದ ಯಂತ್ರ. ಹೀಗೆ ಒಬ್ಬರೇ ಹೇಳಿದ ಎರಡು ಮಾತುಗಳಲ್ಲಿ ಒಂದಕ್ಕೆ ಯಂತ್ರದ ಬೆಂಬಲವಿದೆ, ಮತ್ತೊಂದಕ್ಕಿಲ್ಲ. ಎರಡನ್ನೂ 'ಕೇಳಿದ್ದು' ಎಂಬ ಗುರುತಿನಡಿ ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ 'ಕಂಡದ್ದು' ಏನೆಂದು ಸೇರಿಸಿದೆ. ಇಸವಿ ಹೊಂದಲಿಲ್ಲವೆಂಬ ಕಾರಣಕ್ಕೆ ಇಡೀ ಹೇಳಿಕೆಯನ್ನು ತಳ್ಳಿಹಾಕಿದ್ದರೆ ಕೈಜೋಡಣೆಯ ವಿಚಾರವೂ ಅದರೊಂದಿಗೆ ಹೋಗುತ್ತಿತ್ತು.

ದುರಸ್ತಿ

ಯಂತ್ರ ಸತ್ತಿದ್ದಕ್ಕೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ನಾಲ್ಕು ಎಎಎ ಸೆಲ್‌ಗಳನ್ನು ಯಾವ ಕಾಲದಲ್ಲೋ ಹಾಕಿ ಮರೆತಿದ್ದರು. ಅವು ಸೋರಿ ಸಂಪರ್ಕದ ತಗಡುಗಳ ಮೇಲೆ ಹಸಿರು-ಬಿಳಿ ಕಿಲುಬು ಗಟ್ಟಿಯಾಗಿ ಕೂತಿತ್ತು. ಸೋರಿದ್ದು ಆಲ್ಕಲೈನ್ ಸೆಲ್ ಆಗಿದ್ದುದರಿಂದ ಬಿಳಿ ವಿನೆಗರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಕ್ಷಾರದೊಂದಿಗೆ ಆಮ್ಲ ಸೇರಿದೊಡನೆ ಸಣ್ಣ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಶುದ್ಧೀಕರಿಸಿದ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ವಿನೆಗರನ್ನು ಹಾಗೆಯೇ ಬಿಟ್ಟರೆ ಅದೂ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ನೀರಿನ ಹಂತವನ್ನು ಬಿಡಬಾರದು. ಮರಳುಕಾಗದದಿಂದ ಉಜ್ಜುವ ಅಭ್ಯಾಸ ಹಲವರಿಗಿದೆ. ಅದು ತಗಡಿನ ಮೇಲಿನ ಲೇಪವನ್ನು ತೆಗೆದುಹಾಕುವುದರಿಂದ ಮುಂದೆ ತುಕ್ಕು ಬೇಗ ಹಿಡಿಯುತ್ತದೆ. ನಾನು ಫೈಬರ್‌ಗ್ಲಾಸ್ ಪೆನ್ನಿನ ತುದಿಯಿಂದ ಸಂಪರ್ಕದ ಬಿಂದುವನ್ನಷ್ಟೇ ಮುಟ್ಟಿದೆ.

ಕಿಲುಬು ಹೋದ ಮೇಲೆ ಅದರಡಿಯಲ್ಲಿ ತಾಮ್ರದ ಒಂದು ಜಾಡು ಅಕ್ಕಿಕಾಳಿನಷ್ಟು ಉದ್ದಕ್ಕೆ ಕರಗಿಹೋಗಿದ್ದುದು ಕಂಡಿತು. ಮಲ್ಟಿಮೀಟರಿನಿಂದ ಹಿಂಬಾಲಿಸಿದಾಗ ಅದು ಸೆಲ್‌ಗಳ 6 ವೋಲ್ಟನ್ನು ಸುಮಾರು 15 ವೋಲ್ಟಿಗೆ ಏರಿಸುವ ಪರಿವರ್ತಕದಿಂದ ಚಿಪ್‌ಗೆ ಹೋಗುವ ದಾರಿ ಎಂದು ತಿಳಿಯಿತು. ಪಿ-ಚಾನೆಲ್ ಮಾಸ್ (MOS) ಎಂಬ ಬಗೆಯ ಟ್ರಾನ್ಸಿಸ್ಟರುಗಳಿಂದಾದ ಆ ಕಾಲದ ಚಿಪ್‌ಗಳಿಗೆ ಇಂದಿನ ಚಿಪ್‌ಗಳಂತೆ 3 ವೋಲ್ಟ್ ಸಾಲುವುದಿಲ್ಲ. ಟ್ರಾನ್ಸಿಸ್ಟರುಗಳು ಸರಿಯಾಗಿ ತೆರೆದುಕೊಳ್ಳಲು ದೊಡ್ಡ ವೋಲ್ಟೇಜ್ ಬೇಕಾಗುತ್ತದೆ. ಅದಕ್ಕೇ ಅಷ್ಟು ಪುಟ್ಟ ಕವಚದಲ್ಲೂ ಟ್ರಾನ್ಸಿಸ್ಟರ್, ಸುರುಳಿ, ಡಯೋಡ್ ಸೇರಿದ ಒಂದು ಪರಿವರ್ತಕವನ್ನು ಕೂರಿಸಬೇಕಾಯಿತು. ಹಿಂದಿನ ಮಾದರಿಯಾದ 1972ರ ಎಕ್ಸಿಕ್ಯುಟಿವ್‌ನಲ್ಲಿ ಇದೇ ಕಂಪನಿಯ ಎಂಜಿನಿಯರುಗಳು ಚಿಪ್‌ಗೆ ವಿದ್ಯುತ್ತನ್ನು ನಿರಂತರವಾಗಿ ಕೊಡದೆ ಬಿಟ್ಟುಬಿಟ್ಟು ಕೊಟ್ಟು, ನಡುವಿನ ಅವಧಿಯಲ್ಲಿ ಚಿಪ್‌ನೊಳಗೆ ಉಳಿದ ವಿದ್ಯುದಂಶದ ಮೇಲೆಯೇ ಅದು ತನ್ನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವಂತೆ ಮಾಡಿ, ಗುಂಡಿ ಸೆಲ್‌ಗಳಲ್ಲಿ ಅದನ್ನು ನಡೆಸಿದ್ದರು. ವಿದ್ಯುತ್ ಉಳಿತಾಯದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಬೇರೆ ತಂಡವನ್ನು ಆ ದಶಕದಲ್ಲಿ ನಾನು ಕಂಡಿಲ್ಲ.

ಜಾಡು ತುಂಡಾಗಿದ್ದುದರಿಂದ ಒಂದು ಅನುಕೂಲವೂ ಆಯಿತು. ಚಿಪ್ ಅನ್ನು ಕೀಳದೆಯೇ ಪರಿವರ್ತಕವನ್ನು ಪ್ರತ್ಯೇಕವಾಗಿ ಪರೀಕ್ಷಿಸಬಹುದಾಗಿತ್ತು. ಸೆಲ್‌ಗಳ ಬದಲು ಪ್ರವಾಹದ ಮಿತಿ ಹೊಂದಿಸಬಹುದಾದ ಪ್ರಯೋಗಶಾಲೆಯ ವಿದ್ಯುತ್ ಮೂಲವನ್ನು ಜೋಡಿಸಿ, ಪರಿವರ್ತಕದ ಹೊರದಾರಿಗೆ ಚಿಪ್‌ನ ಬದಲಿಯಾಗಿ ಒಂದು ರೆಸಿಸ್ಟರ್ ಹಾಕಿ ನೋಡಿದೆ. ವೋಲ್ಟೇಜ್ ಏರಬೇಕಾದಷ್ಟು ಏರಲಿಲ್ಲ, ಆಸಿಲೋಸ್ಕೋಪಿನ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಇದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದಾಗಿನ ಲಕ್ಷಣ. ಎಸ್.ಪಿ. ರಸ್ತೆಯಲ್ಲಿ ಅದೇ ಮೌಲ್ಯದ, ಅದೇ ಎತ್ತರದ ಕೆಪಾಸಿಟರ್ ಸುಲಭವಾಗಿ ಸಿಕ್ಕಿತು. ಹಳೆಯದನ್ನು ಎಸೆಯದೆ, ಅದು ಇದ್ದ ಜಾಗ, ದಿಕ್ಕು, ಅಳೆದಾಗ ಬಂದ ಬೆಲೆ ಎಲ್ಲವನ್ನೂ ಬರೆದ ಚೀಟಿಯೊಂದಿಗೆ ಸಣ್ಣ ಚೀಲದಲ್ಲಿ ಹಾಕಿ ಯಂತ್ರದ ಜೊತೆಯಲ್ಲೇ ಇಟ್ಟಿದ್ದೇನೆ. ಹೊಸ ಕೆಪಾಸಿಟರ್ ಹಾಕಿದ ಮೇಲೆ ಗೆರೆ ನೆಟ್ಟಗಾಯಿತು.

ಆ ಬಳಿಕವೇ ತುಂಡಾದ ಜಾಡಿಗೆ ತೆಳುವಾದ ಎನಾಮೆಲ್ ತಂತಿಯಿಂದ ಸೇತುವೆ ಕಟ್ಟಿದೆ. ಜಾಡಿನ ಮೇಲೆಯೇ ಬೆಸುಗೆ ಬಳಿದು ಮುಚ್ಚುವುದು ನೋಡಲು ಚೆನ್ನಾಗಿರುತ್ತದೆ, ಆದರೆ ಮುಂದೆ ನೋಡುವವರಿಗೆ ಮೂಲ ಯಾವುದು ದುರಸ್ತಿ ಯಾವುದು ಎಂದು ತಿಳಿಯದು. ಬಣ್ಣದ ತಂತಿ ತಾನೇ ಹೇಳಿಕೊಳ್ಳುತ್ತದೆ. ಬೆಸುಗೆ ಹಾಕುವಾಗ ಮಣಿಕಟ್ಟಿಗೆ ನೆಲಸಂಪರ್ಕದ ಪಟ್ಟಿ ಕಟ್ಟಿಕೊಳ್ಳುವುದು ಇಲ್ಲಿ ಕಡ್ಡಾಯ. ಈ ಪೀಳಿಗೆಯ ಮಾಸ್ ಚಿಪ್‌ಗಳನ್ನು ಕೊಲ್ಲಲು ಒಣಹವೆಯ ದಿನದ ಒಂದು ಸ್ಪರ್ಶ ಸಾಕು, ಬದಲಿ ಚಿಪ್ ಎಲ್ಲೂ ತಯಾರಾಗುವುದಿಲ್ಲ.

ವಿದ್ಯುತ್ ಕೊಟ್ಟಾಗ ಕೆಂಪು ಎಲ್‌ಇಡಿ ಅಂಕಿಗಳು ಮೂಡಿದವು. ಸಾಲಿನಲ್ಲಿ 9 ಸ್ಥಾನಗಳಿವೆ: ಚಿಹ್ನೆಗೊಂದು, ಮುಖ್ಯಾಂಕಗಳಿಗೆ ಐದು, 10ರ ಘಾತದ ಚಿಹ್ನೆಗೊಂದು, ಘಾತಕ್ಕೆ ಎರಡು. ದಶಮಾಂಶ ಬಿಂದುವಿಗೆ ಕೀಲಿ ಇಲ್ಲ. 12345 ಎಂದು ಒತ್ತಿದರೆ ಅದು 1.2345 ಎಂದೇ ಅರ್ಥ. ಉಳಿದದ್ದನ್ನು ಘಾತವೇ ಹೇಳಬೇಕು. ಸಮಚಿಹ್ನೆಯ ಕೀಲಿಯೂ ಇಲ್ಲ, ಸಂಖ್ಯೆ ಮೊದಲು, ಕ್ರಿಯೆ ಆಮೇಲೆ. ಇವೆರಡೂ ಆದೇಶಗಳನ್ನು ಉಳಿಸಿದ ಆಯ್ಕೆಗಳು: ತೇಲುವ ಬಿಂದುವನ್ನು ತೆರೆಯ ಮೇಲೆ ಸರಿಯಾದ ಜಾಗಕ್ಕೆ ಸರಿಸುವ ಕೆಲಸವೂ, ಬಾಕಿ ಉಳಿದ ಕ್ರಿಯೆಯನ್ನು ನೆನಪಿಟ್ಟುಕೊಳ್ಳುವ ಕೆಲಸವೂ ಚಿಪ್‌ನ ಪಾಲಿಗೆ ತಪ್ಪಿದವು.

ಚಿಪ್‌ನ ಒಳಗಿನ ಇಕ್ಕಟ್ಟು

ಸಿಂಕ್ಲೇರ್ ಮುಂದಿದ್ದ ಗುರಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ 1972ರ ಎಚ್‌ಪಿ-35. ಜೇಬಿಗೆ ಹಿಡಿಸುವ ಮೊದಲ ವೈಜ್ಞಾನಿಕ ಕ್ಯಾಲ್ಕುಲೇಟರ್ ಅದು, ಬೆಲೆ 395 ಡಾಲರ್. ಅದರಲ್ಲಿ ಲೆಕ್ಕಕ್ಕೊಂದು, ನಿಯಂತ್ರಣಕ್ಕೊಂದು, ರಾಮ್‌ಗೆ ಮೂರು ಎಂದು ಐದು ಮಾಸ್ ಚಿಪ್‌ಗಳಿದ್ದವು. ಪ್ರೋಗ್ರಾಮಿಗೆ 10 ಬಿಟ್‌ನ 768 ಪದಗಳಷ್ಟು ಜಾಗವಿತ್ತು. ತ್ರಿಕೋನಮಿತಿಗೆ, ಕೋನವನ್ನು ನಿಗದಿತ ಸಣ್ಣ ತಿರುವುಗಳಾಗಿ ಒಡೆಯುವ ಕಾರ್ಡಿಕ್ ಎಂಬ ಕ್ರಮವನ್ನು ಬಳಸಿದ್ದರು. ಅದಕ್ಕೆ ನಿಗದಿತ ಕೋನಗಳ ಒಂದು ಕೋಷ್ಟಕ ರಾಮ್‌ನಲ್ಲಿ ಇರಲೇಬೇಕು. ಸೈಂಟಿಫಿಕ್ ಹೊರಬಂದಾಗ ಅದರ ಬೆಲೆ 49.95 ಪೌಂಡ್, ಚಿಪ್ ಒಂದೇ, ಆದೇಶಗಳು 320. ಕೋಷ್ಟಕಕ್ಕೆ ಅಲ್ಲಿ ಆಸ್ಪದವಿರಲಿಲ್ಲ. ಸರ್ಲ್ ಟೆಕ್ಸಾಸಿಗೆ ಹೋಗಿ ಹೋಟೆಲಿನ ಕೋಣೆಯಲ್ಲಿ ಕುಳಿತು ಈ ಪ್ರೋಗ್ರಾಮನ್ನು ಬರೆದರೆಂಬುದು ಸಿಂಕ್ಲೇರ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಸಂಗತಿ; ನನ್ನ ದಾಖಲೆಯಲ್ಲಿ ಅದು 'ಓದಿದ್ದು'.

ಪ್ರೋಗ್ರಾಂ ಹೇಗಿತ್ತೆಂಬುದನ್ನು 2013ರಲ್ಲಿ, ಹಳೆಯ ಚಿಪ್‌ಗಳ ಒಳರಚನೆಯನ್ನು ಅಧ್ಯಯನ ಮಾಡುವ ಕೆನ್ ಶಿರಿಫ್ ಬಯಲಿಗೆ ತಂದರು. ಕವಚ ತೆಗೆದ ಚಿಪ್‌ನ ಸಿಲಿಕಾನ್ ಮೇಲ್ಮೈಯನ್ನು ಸೂಕ್ಷ್ಮದರ್ಶಕದಡಿ ಚಿತ್ರಿಸಿದ್ದು ವಿಷುವಲ್ 6502 ತಂಡ. ರಾಮ್‌ನ ಚೌಕದಲ್ಲಿ ಯಾವ ಅಡ್ಡಸಾಲು-ಕಂಬಸಾಲುಗಳ ಕೂಡಿನಲ್ಲಿ ಟ್ರಾನ್ಸಿಸ್ಟರ್ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಆ ಚಿತ್ರದಿಂದ ಓದಿದರೆ ಒಂದೊಂದು ಬಿಟ್ ಸಿಗುತ್ತದೆ. ಬಿಟ್‌ಗಳಿಂದ ಆದೇಶ, ಆದೇಶಗಳಿಂದ ಕ್ರಮ. ನನ್ನಲ್ಲಿರುವುದು ಒಂದೇ ಪ್ರತಿಯಾದ್ದರಿಂದ, ಅದೂ ಜೀವಂತವಾಗಿರುವುದರಿಂದ, ಅದರ ಕವಚ ತೆಗೆಯುವ ಪ್ರಶ್ನೆ ಇರಲಿಲ್ಲ. ನನ್ನ ಪ್ರಶ್ನೆ ಬೇರೆಯಾಗಿತ್ತು. ಸಿಲಿಕಾನಿನಿಂದ ಓದಿದ ಆ ಕ್ರಮವನ್ನು, ನಡೆಯುತ್ತಿರುವ ಯಂತ್ರದ ಹೊರವರ್ತನೆಯಿಂದಲೇ ದೃಢಪಡಿಸಿಕೊಳ್ಳಲು ಸಾಧ್ಯವೇ?

ಕ್ರಮ ಇಷ್ಟು ಸರಳ. ಕೊಸೈನ್‌ಗೆ 1, ಸೈನ್‌ಗೆ 0 ಎಂದು ಆರಂಭಿಸಿ. ಪ್ರತಿ ಸುತ್ತಿನಲ್ಲಿ ಕೊಸೈನ್‌ನಿಂದ ಸೈನ್‌ನ ಸಾವಿರದಲ್ಲೊಂದು ಪಾಲನ್ನು ಕಳೆಯಿರಿ. ಹಾಗೆ ಬಂದ ಹೊಸ ಕೊಸೈನ್‌ನ ಸಾವಿರದಲ್ಲೊಂದು ಪಾಲನ್ನು ಸೈನ್‌ಗೆ ಕೂಡಿಸಿ. ಒಂದು ಸುತ್ತಿಗೆ ಕೋನ 0.001 ರೇಡಿಯನ್ ಮುಂದೆ ಹೋಗುತ್ತದೆ. ಕೊಟ್ಟ ಕೋನ ಮುಗಿಯುವವರೆಗೆ ಇದನ್ನೇ ಮಾಡುತ್ತಿರಬೇಕು. ಲೆಕ್ಕ ದಶಮಾನದಲ್ಲೇ ನಡೆಯುವುದರಿಂದ ಸಾವಿರದಿಂದ ಭಾಗಿಸುವುದೆಂದರೆ ಅಂಕಿಗಳನ್ನು ಮೂರು ಮನೆ ಬಲಕ್ಕೆ ಸರಿಸುವುದಷ್ಟೇ; ಗುಣಾಕಾರವೂ ಬೇಡ, ಭಾಗಾಕಾರವೂ ಬೇಡ, ಕೋಷ್ಟಕವೂ ಬೇಡ. ವಿಲೋಮ ಕ್ರಿಯೆಗಳಿಗೆ ಇದೇ ತಿರುಗಾಟ, ಗುರಿ ಮುಟ್ಟುವವರೆಗೆ ಸುತ್ತುಗಳನ್ನು ಎಣಿಸಿದರೆ ಕೋನ ಸಿಗುತ್ತದೆ. ಟ್ಯಾಂಜೆಂಟ್‌ಗೆ ಮೊದಲೇ ಇರುವ ಭಾಗಾಕಾರದ ಭಾಗ ಸಾಕು.

ಇಲ್ಲಿ ನನ್ನ ಗಮನವನ್ನು ಬಹಳ ಹೊತ್ತು ಹಿಡಿದಿಟ್ಟದ್ದು 'ಹೊಸ ಕೊಸೈನ್' ಎಂಬ ಅಂಶ. ಶುದ್ಧ ಗಣಿತದ ದೃಷ್ಟಿಯಿಂದ ಒಂದು ಸುತ್ತಿನಲ್ಲಿ ಎರಡೂ ಬೆಲೆಗಳನ್ನು ಹಳೆಯ ಬೆಲೆಗಳಿಂದಲೇ ಲೆಕ್ಕ ಹಾಕುವುದು ಸಹಜವೆನಿಸುತ್ತದೆ. ಆದರೆ ಹಾಗೆ ಮಾಡಿದರೆ ಪ್ರತಿ ಸುತ್ತಿನಲ್ಲೂ ತ್ರಿಜ್ಯ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. 90 ಡಿಗ್ರಿಗೆ ಬೇಕಾಗುವ 1,571 ಸುತ್ತುಗಳ ಕೊನೆಯಲ್ಲಿ ಸೈನ್ ಬೆಲೆ 1ರ ಬದಲು 1.0008ರ ಹತ್ತಿರ ಬಂದು ನಿಲ್ಲುತ್ತದೆ. ಐದು ಅಂಕಿಗಳ ತೆರೆಯಲ್ಲಿ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಹೊಸ ಕೊಸೈನನ್ನು ಬಳಸಿದರೆ ಈ ಬೆಳವಣಿಗೆ ಇಲ್ಲ. ಆ ಎರಡು ಹೆಜ್ಜೆಗಳನ್ನು ಮಾತೃಕೆಯಾಗಿ ಬರೆದು ನಿರ್ಧಾರಕವನ್ನು ಲೆಕ್ಕ ಹಾಕಿದರೆ ಅದು ಸರಿಯಾಗಿ 1 ಬರುತ್ತದೆ. ಅಂದರೆ ಬಿಂದು ಸುರುಳಿಯಾಗಿ ಹೊರಕ್ಕೆ ಜಾರದೆ ವೃತ್ತಕ್ಕೆ ತೀರ ಹತ್ತಿರದ ದೀರ್ಘವೃತ್ತದ ಮೇಲೆಯೇ ಉಳಿಯುತ್ತದೆ. ಇನ್ನು ಚಿಪ್‌ನ ಕಡೆಯಿಂದ ನೋಡಿ. ಅದರಲ್ಲಿ ಇರುವುದು 11 ಅಂಕಿಗಳ ಮೂರೇ ರಿಜಿಸ್ಟರುಗಳು, ಅಂದರೆ ಲೆಕ್ಕದ ನಡುವೆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಮನೆಗಳು. ಹಳೆಯ ಕೊಸೈನನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳಲು ನಾಲ್ಕನೆಯ ಮನೆಯೇ ಇಲ್ಲ. ಜಾಗವಿಲ್ಲದ ಕಾರಣಕ್ಕೆ ಅನುಸರಿಸಬೇಕಾದ ದಾರಿಯೇ ನಿಖರತೆಯ ದೃಷ್ಟಿಯಿಂದಲೂ ಉತ್ತಮ ದಾರಿಯಾಗಿದೆ. ಇದಕ್ಕೆ ಒಂದು ಬೆಲೆಯೂ ಇದೆ: ಸೈನ್ ಮತ್ತು ಕೊಸೈನ್ ಬೆಲೆಗಳ ನಡುವೆ ಅರ್ಧ ಹೆಜ್ಜೆಯ, ಅಂದರೆ 0.0005 ರೇಡಿಯನ್ನಿನ ಅಂತರ ಉಳಿಯುತ್ತದೆ. ಮೂರು ಸುತ್ತುಗಳನ್ನು ಕಾಗದದ ಮೇಲೆ ಮಾಡಿದರೆ ಸಾಕು. ಸೈನ್ 0.002999996 ಆಗುತ್ತದೆ, 0.003ರ ಸೈನ್‌ಗೆ ಅದು ಸರಿಯೇ, ಕೊಸೈನ್ 0.999997 ಬರುತ್ತದೆ, ಅದು 0.003ರ ಬದಲು 0.0025ರ ಕೊಸೈನ್.

ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ, ಕಂಪ್ಯೂಟರ್ ತೆರೆಯ ಮೇಲೆ ವೃತ್ತ ಬಿಡಿಸುವ ಕ್ರಮವೂ ಇದೇ ಹೆಜ್ಜೆಗಳದ್ದು. ಹೋಲಿಕೆ ಸ್ಪಷ್ಟವಾಗಿದೆ. ಆದರೆ ಎರಡು ಕಡೆ ಒಂದೇ ಉಪಾಯ ಕಂಡರೆ ಒಂದು ಮತ್ತೊಂದರಿಂದ ಬಂತೆಂದು ಬರೆಯಲಾಗದು. ಇಕ್ಕಟ್ಟು ಒಂದೇ ಆಗಿದ್ದರೆ ಉಪಾಯವೂ ಒಂದೇ ಆಗಬಹುದು. ದಾಖಲೆಯಲ್ಲಿ ಹೋಲಿಕೆಯನ್ನು ಮಾತ್ರ ನಮೂದಿಸಿದ್ದೇನೆ.

ಲಾಗ್‌ನ ಕ್ರಮವೂ ಇದೇ ಜಾಣ್ಮೆಯದು. ಅಲ್ಲಿ ಬಳಕೆಯಾಗುವ ಮೂಲ ಸಂಖ್ಯೆ 0.99. ಒಂದು ಸಂಖ್ಯೆಯನ್ನು 0.99ರಿಂದ ಗುಣಿಸುವುದೆಂದರೆ ಅದರಿಂದ ಅದರದೇ ನೂರರಲ್ಲೊಂದು ಪಾಲನ್ನು ಕಳೆಯುವುದು, ಅಂದರೆ ಎರಡು ಮನೆ ಸರಿಸಿ ಕಳೆಯುವುದು. 10ನ್ನು ಹೀಗೆ 1ರವರೆಗೆ ಇಳಿಸಲು ಸುಮಾರು 229 ಸುತ್ತುಗಳು ಬೇಕು. ಸುತ್ತುಗಳನ್ನು ಎಣಿಸಿ ಆ ಸಂಖ್ಯೆಗೆ ತಾಳೆ ಹಾಕಿದರೆ ಲಾಗ್ ಕೈಗೆ ಬಂತು.

ಹೊರಗಿನಿಂದ ಒಳಗಿನ ಪರೀಕ್ಷೆ

ಈ ಕ್ರಮ ನಿಜವಾದರೆ ಸೈನ್ ಲೆಕ್ಕಕ್ಕೆ ತಗಲುವ ಸಮಯ ಕೋನಕ್ಕೆ ಅನುಪಾತದಲ್ಲಿರಬೇಕು. ಕಾರ್ಡಿಕ್‌ನಂಥ ಕ್ರಮದಲ್ಲಿ ಕೋನ ಚಿಕ್ಕದಾದರೂ ದೊಡ್ಡದಾದರೂ ಸಮಯ ಹೆಚ್ಚುಕಡಿಮೆ ಒಂದೇ. ಇಲ್ಲಿ 0.1 ರೇಡಿಯನ್‌ಗೆ 100 ಸುತ್ತು, 1 ರೇಡಿಯನ್‌ಗೆ 1,000 ಸುತ್ತು. ಫೋನಿನ ನಿಧಾನಚಲನೆಯ ವಿಡಿಯೊದಲ್ಲಿ ಕೀಲಿ ಒತ್ತಿದ ಚೌಕಟ್ಟಿನಿಂದ ಉತ್ತರ ಮೂಡಿದ ಚೌಕಟ್ಟಿನವರೆಗೆ ಎಣಿಸಿ, ಮೊದಲ ಪಾದದ (0ರಿಂದ 90 ಡಿಗ್ರಿಯ) ಬೇರೆಬೇರೆ ಕೋನಗಳಿಗೆ ಸಮಯವನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದೆ. ಬಿಂದುಗಳು ನೇರ ಗೆರೆಯ ಮೇಲೆ ಕೂತವು. 0.5 ರೇಡಿಯನ್‌ಗಿಂತ 1 ರೇಡಿಯನ್‌ಗೆ ಎರಡರಷ್ಟು ಸಮಯ. ಸಿಲಿಕಾನನ್ನು ಮುಟ್ಟದೆ, ಗಡಿಯಾರವೊಂದರಿಂದಲೇ ಪ್ರೋಗ್ರಾಮಿನ ಆಕಾರ ಕಾಣಿಸಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ನಕ್ಷೆ ಅದು.

ಸಮಯದ ಸಾಕ್ಷ್ಯ ಕ್ರಮದ ಆಕಾರವನ್ನು ಹೇಳುತ್ತದೆ, ಬಿಟ್‌ಗಳು ಒಂದೇ ಎಂದು ಹೇಳುವುದಿಲ್ಲ. ಅದಕ್ಕಾಗಿ ಪೈಥಾನ್‌ನಲ್ಲಿ ಚಿಪ್‌ನ ಅನುಕರಣೆಯೊಂದನ್ನು ಬರೆದೆ: ಮೂರು ರಿಜಿಸ್ಟರುಗಳು, ಗುರುತಿನ ಬಿಟ್‌ಗಳು, ಹೌದು-ಇಲ್ಲ ಎಂಬ ಒಂದೇ ಷರತ್ತಿನ ಬಿಟ್, ಮತ್ತು 320 ಆದೇಶಗಳ ಪ್ರಕಟಿತ ಪಟ್ಟಿ. ಆ ಬಳಿಕ ಒಂದೇ ಕೀಲಿಗಳ ಸಾಲನ್ನು ಯಂತ್ರದಲ್ಲೂ ಅನುಕರಣೆಯಲ್ಲೂ ಒತ್ತಿ ಉತ್ತರಗಳನ್ನು ಅಂಕಿ ಅಂಕಿಯಾಗಿ ಹೋಲಿಸಿದೆ. ಸರಿಯಾದ ಉತ್ತರಗಳನ್ನು ಹೋಲಿಸುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಸರಿಯಾದ ಉತ್ತರಕ್ಕೆ ಹಲವು ದಾರಿಗಳಿವೆ. ಒಂದು ಪ್ರೋಗ್ರಾಮಿನ ಬೆರಳಚ್ಚು ಇರುವುದು ಅದರ ತಪ್ಪುಗಳಲ್ಲಿ. ಪ್ರತಿ ಸುತ್ತಿನಲ್ಲೂ ಕೊನೆಯ ಅಂಕಿಗಳು ಕತ್ತರಿಸಿಹೋಗಿ ಸೇರುತ್ತ ಬರುವ ದೋಷ, ನಿಗದಿತ ವ್ಯಾಪ್ತಿಯ ಹೊರಗಿನ ಕೋನ ಕೊಟ್ಟಾಗ ಬರುವ ಅರ್ಥವಿಲ್ಲದ ಸಂಖ್ಯೆ, ಸೊನ್ನೆಯಿಂದ ಆರಂಭಿಸಿದ ಮುಖ್ಯಾಂಕವನ್ನು ಯಂತ್ರ ನಡೆಸಿಕೊಳ್ಳುವ ಬಗೆ, ಇವೇ ನಾನು ಆರಿಸಿಕೊಂಡ ಪರೀಕ್ಷೆಗಳು. ಕೊನೆಯ ಅಂಕಿಯ ತಪ್ಪುಗಳ ಸಮೇತ ಎರಡೂ ಹೊಂದಿಕೊಂಡ ಮೇಲೆ, ನನ್ನ ಪ್ರತಿಯಲ್ಲಿರುವುದು ಪ್ರಕಟವಾದ ಪ್ರೋಗ್ರಾಮೇ ಎಂಬ ವಾಕ್ಯದ ಪಕ್ಕ 'ಓದಿದ್ದು' ಎಂಬುದರ ಜೊತೆಗೆ 'ಕಂಡದ್ದು' ಎಂದೂ ಬರೆಯಲು ಸಾಧ್ಯವಾಯಿತು.

ಆಸಿಲೋಸ್ಕೋಪಿನ ಚಿತ್ರಗಳನ್ನು ದಾಖಲೆಗೆ ಸೇರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಈ ಚಿಪ್‌ನಲ್ಲಿ ಧನ ತುದಿಯೇ ಉಲ್ಲೇಖಬಿಂದು, ಸಂಕೇತಗಳು ಅದರಿಂದ ಕೆಳಕ್ಕೆ ಇಳಿಯುತ್ತವೆ. ಉಪಕರಣದ ನೆಲಸಂಪರ್ಕವನ್ನು ಎಲ್ಲಿಗೆ ಕಚ್ಚಿಸಿದ್ದೆಂದು ಚಿತ್ರದ ಮೇಲೆಯೇ ಬರೆಯದಿದ್ದರೆ ಮುಂದೆ ಓದುವವರು ಒಂದನ್ನು ಸೊನ್ನೆಯಾಗಿಯೂ ಸೊನ್ನೆಯನ್ನು ಒಂದಾಗಿಯೂ ತಿಳಿಯುತ್ತಾರೆ. ಅಂಕಿಸ್ಥಾನಗಳನ್ನು ಬೆಳಗಿಸುವ ಗೆರೆಗಳೇ ಕೀಲಿಗಳನ್ನೂ ತಡಕುತ್ತವೆ. ಒಂದು ಗೆರೆಯ ಮಿಡಿತವನ್ನು ಹಿಡಿದು, ಕೀಲಿ ಒತ್ತಿದಾಗ ಅದೇ ಮಿಡಿತ ಮರಳುವ ದಾರಿಯನ್ನು ಹುಡುಕಿದರೆ ಮಂಡಲದ ನಕ್ಷೆಯಿಲ್ಲದೆಯೂ ಕೀಲಿಮಣೆಯ ಜೋಡಣೆಯನ್ನು ಬರೆದುಕೊಳ್ಳಬಹುದು.

ಕಡತದಲ್ಲಿ ಈಗ ಇರುವುದು ಮಂಡಲದ ಎರಡೂ ಬದಿಯ ಚಿತ್ರಗಳು, ಭಾಗಗಳ ಗುರುತುಗಳು, ದುರಸ್ತಿಗೆ ಮೊದಲಿನ ಮತ್ತು ನಂತರದ ಅಳತೆಗಳು, ಸಮಯದ ನಕ್ಷೆ, ಹೋಲಿಕೆಯ ಪಟ್ಟಿ, ಮಾವನವರ ಹೇಳಿಕೆ. ಯಂತ್ರವನ್ನು ಸೆಲ್ ತೆಗೆದೇ ಇಟ್ಟಿದ್ದೇನೆ. ಮತ್ತೊಂದು ಸೈಂಟಿಫಿಕ್ ಪ್ರತಿ ಯಾರ ಬಳಿಯಾದರೂ ಇದ್ದರೆ ಅದನ್ನು ಬಿಚ್ಚದೆಯೇ ಮಾಡಬಹುದಾದ ಮೊದಲ ಕೆಲಸ ಸಮಯದ ಪರೀಕ್ಷೆ: 0.5 ಮತ್ತು 1 ರೇಡಿಯನ್‌ಗಳ ಸೈನ್ ಲೆಕ್ಕ ಹಾಕಿಸಿ, ತಗಲಿದ ಸಮಯವನ್ನೂ ಉತ್ತರದ ಐದೂ ಅಂಕಿಗಳನ್ನೂ ಬರೆದುಕೊಳ್ಳುವುದು. ಕವಚ ತೆರೆಯುವ ಸಂದರ್ಭ ಬಂದರೆ ಚಿಪ್‌ನ ದಿನಾಂಕ ಸಂಕೇತವನ್ನು ಅದರ ಪಕ್ಕದಲ್ಲಿ ಸೇರಿಸಬೇಕು. 7438ಕ್ಕಿಂತ ಹಿಂದಿನ ಚಿಪ್‌ಗಳಲ್ಲೂ ಕೊನೆಯ ಅಂಕಿಯವರೆಗೆ ಇದೇ ಉತ್ತರ ಬರುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಈ ದಾಖಲೆಯ ಮುಂದಿನ ಕೆಲಸ.